ಆರು ಗ್ರಾಂ

ಮೊದಲು ನಾನೊಬ್ಬಳೇ ತಕ್ಕಡಿ ಹತ್ತುತ್ತೇನೆ: ಅರವತ್ತೊಂದು.
ಆಮೇಲೆ ತುತಾಳನ್ನು ಎತ್ತಿಕೊಂಡು: ಅರವತ್ತೊಂಬತ್ತಕ್ಕೆ ನೂರು ಗ್ರಾಂ ಕಡಿಮೆ.
ಕಳೆಯುವ ಲೆಕ್ಕ ಈ ವಯಸ್ಸಿಗೆ ಚೆನ್ನಾಗಿ ಬರುತ್ತದೆ.

ಹಿಪ್ಪುನೇರಳೆ ಮರದ ಬುಡದಲ್ಲಿ ಸಿಕ್ಕ ದಿನ
ಜುಂಬೆರನ ಕೈಗವಸಿನೊಳಗೆ ಮಲಗಿದ್ದಳು, ಬಾಲ ಮಾತ್ರ ಹೊರಗೆ.
ಹಣ್ಣಿನ ಹೆಸರನ್ನೇ ಇಟ್ಟೆವು, ತುತಾ.
ಈಗ ಕಿಟಕಿಕಟ್ಟೆಗೆ ಹಾರಲೆಂದು ಹಿಂದೆ ಸರಿದು,
ಅಂಡು ಅಲ್ಲಾಡಿಸಿ, ಮನಸ್ಸಿನಲ್ಲೇ ಹಾರಿ,
ನೆಲದಲ್ಲೇ ಕೂತುಬಿಡುತ್ತಾಳೆ
ಬೇಕಾಗಿದ್ದದ್ದೇ ಇದು ಎಂಬಂತೆ.

ಬಟುಮಿಯ ಬಂದರು ಮಂಜಿನಲ್ಲಿ ಕಾಣದಿದ್ದ ಒಂದು ಸೋಮವಾರ
ಬುಟ್ಟಿಯಲ್ಲಿ ಹೊತ್ತು ಡಾಕ್ಟರ್ ಮ್ಜಿಯಾ ಹತ್ತಿರ ಹೋದೆ.
ಪಕ್ಕೆಲುಬು ಹುಡುಕಿದಳು ಆ ಹುಡುಗಿ,
ನಾದಿದ ಹಿಟ್ಟಿನಲ್ಲಿ ಕಳೆದ ಉಂಗುರ ಹುಡುಕುವ ಹಾಗೆ.
'ಒಮ್ಮೆಲೇ ಉಪವಾಸ ಕೆಡವಬೇಡಿ, ಯಕೃತ್ತು ಕೈಕೊಡುತ್ತದೆ.
ದಿನಕ್ಕೆ ನಲವತ್ತೆರಡು ಗ್ರಾಂ. ಚೀಸ್ ಇಲ್ಲ. ಖಮ್ಸಾ ಮೀನಿನ ತಲೆಯೂ ಇಲ್ಲ.
ನಿಧಾನವಾಗಿ ಇಳಿಯಲಿ, ಮೆಟ್ಟಿಲಿಳಿಯುವ ಅಜ್ಜಿಯ ಹಾಗೆ.'
ನನ್ನ ಮುಖ ನೋಡಿ ತಿದ್ದಿಕೊಂಡಳು: 'ಮಗುವಿನ ಹಾಗೆ.
ಅಂದಹಾಗೆ, ಊಟ ಹಾಕುವವರು ಯಾರು?'

ನಾನೇ, ಅಂದೆ.

ಮರುದಿನ ಬಾಗಿಲ ಸಂದಿಯಲ್ಲಿ ನಿಂತು ಎಣಿಸಿದೆ.
ಏಳು ಗಂಟೆಗೆ ಜುಂಬೆರ ಬಟ್ಟಲು ತುಂಬಿದ.
ಎಂಟಕ್ಕೆ ಖಾಲಿ ಬಟ್ಟಲು ನೋಡಿ ಅಯ್ಯೋ ಎಂದ.
'ಬೆಳಗಿಂದ ಇದಕ್ಕೆ ಏನೂ ಹಾಕಿಲ್ಲವಲ್ಲೇ, ನಿನಗೆ ಕರುಳಿಲ್ಲವೆ?'
ತುಂಬಿದ. ಹತ್ತಕ್ಕೆ ಮತ್ತೆ ಅಯ್ಯೋ.
ಕತ್ತಲಾಗುವಷ್ಟರಲ್ಲಿ ನಮ್ಮ ಅಡುಗೆಮನೆಯಲ್ಲಿ
ಏಳು ಬೆಳಗಾಗಿತ್ತು,
ಪ್ರತಿ ಬೆಳಗಿಗೂ ಹಸಿದ ಬೆಕ್ಕೊಂದು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ, ಯಾರಿಗೂ ಕಾಣದೆಂದು.
ತುತಾ ಕಣ್ಣು ಬಿಟ್ಟುಕೊಂಡೇ ತಿಂದಳು.
ಮುಚ್ಚಿಕೊಂಡಿದ್ದವಳು ನಾನು.
ಬೀಗದ ಕೈ ಬ್ರೆಡ್ಡಿನ ಡಬ್ಬಿಯಲ್ಲಿ ಸಿಕ್ಕಾಗ ನಕ್ಕಿದ್ದೆ.
ಸತ್ತ ತಂಗಿಯ ಹೆಸರಿನಿಂದ ಕರೆದಾಗ ಓಗೊಟ್ಟಿದ್ದೆ.
ಅವನು ಮರೆತದ್ದೆಲ್ಲ ಎಲ್ಲಿಗೆ ಹೋಯಿತೆಂದು ಕೇಳಿದರೆ
ಇಗೋ ಇಲ್ಲಿ, ಒಲೆಯ ಪಕ್ಕ, ಗೊರಕೆ ಹೊಡೆಯುತ್ತಿದೆ:
ಏಳು ಕಿಲೋ ಒಂಬೈನೂರು.

ಮೂವತ್ತನಾಲ್ಕು ವರ್ಷ ಕ್ರೇನ್ ನಡೆಸಿದವನು.
ಹಡಗಿನ ಹೊಟ್ಟೆಯಿಂದ ಟನ್ನುಗಟ್ಟಲೆ ಪೆಟ್ಟಿಗೆ ಎತ್ತಿ
ಲಾರಿಯ ಮೇಲೆ ಹಸಿಮೊಟ್ಟೆ ಇಳಿಸಿದಂತೆ ಇಳಿಸುತ್ತಿದ್ದ.
ಅಂಥವನ ಕೈಯಿಂದ ಚೀಲ ಕಸಿದುಕೊಳ್ಳುವುದು ಹೇಗೆ?
ಒಂದು ದಿನ ಬೀರುವಿಗೆ ಬೀಗ ಹಾಕಿ ನೋಡಿದೆ.
ಮಧ್ಯಾಹ್ನವಿಡೀ ಅದರ ಮುಂದೆ ನಿಂತಿದ್ದ,
ಸರದಿ ಕಾಯುವವನ ಹಾಗೆ, ಬಟ್ಟಲನ್ನು ಎದೆಗವಚಿಕೊಂಡು.

ಈಗ ರಾತ್ರಿ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು
ಏಳು ಪೊಟ್ಟಣ ಕಟ್ಟುತ್ತೇನೆ. ಪೊಟ್ಟಣಕ್ಕೆ ಆರು ಗ್ರಾಂ.
ಮರೆಯಲಿ ಬಿಡು. ದಿನಕ್ಕೆ ಏಳು ಸಲ ಮರೆಯಲಿ.
ಏಳು ಸಲ ನನಗೆ ಕರುಳಿಲ್ಲವೆನ್ನಲಿ,
ಏಳು ಸಲ ಸೊಂಟ ಬಗ್ಗಿಸಿ ಹಸಿದವಳೊಬ್ಬಳನ್ನು ಕಾಪಾಡಲಿ.
ಎಂಟನೆಯ ಸಲಕ್ಕೆ ದಾರದ ತುದಿಗೊಂದು ಕಾರ್ಕು ಕಟ್ಟಿಕೊಡುತ್ತೇನೆ.
ಅವನು ಎಳೆಯುತ್ತಾನೆ, ಅವಳು ಅಟ್ಟುತ್ತಾಳೆ.
ಮೊದಲ ವಾರ ಮೂರು ಹೆಜ್ಜೆ.
ಆಮೇಲೆ ಪಡಸಾಲೆಯುದ್ದಕ್ಕೂ, ಇಬ್ಬರೂ ಏದುಸಿರು.

ಹನ್ನೊಂದು ತಿಂಗಳು. ಐದು ಕಿಲೋ ನಾನೂರು.
ಇವತ್ತು ತುತಾ ಒಂದೇ ನೆಗೆತಕ್ಕೆ ಕಿಟಕಿಕಟ್ಟೆ ಮುಟ್ಟಿದಳು,
ಹೂಕುಂಡ ಬಿದ್ದು ಚೂರಾಯಿತು. ನಾನು ಚಪ್ಪಾಳೆ ತಟ್ಟಿದೆ.
ಜುಂಬೆರ ಬಹಳ ಹೊತ್ತು ಅವಳನ್ನೇ ನೋಡಿದ.
'ಯಾರ ಬೆಕ್ಕಿದು? ನಮ್ಮದು ದಪ್ಪಗಿತ್ತು.'
ಬಾಗಿಲು ತೆರೆದು ಹೊರಗೆ ಮೆಟ್ಟಿಲ ಮೇಲೆ ಬಟ್ಟಲಿಟ್ಟು ಬಂದ.
'ಎಲ್ಲೋ ದಾರಿ ತಪ್ಪಿದೆ ಪಾಪ. ಬಂದಾಗ ಹಸಿದಿರುತ್ತದೆ.'

ನಾನು ಏನೂ ಹೇಳಲಿಲ್ಲ.
ತುತಾ ಇಳಿದು, ಹೊಸ್ತಿಲು ದಾಟಿ, ಮೂಸಿ, ತಿಂದಳು.
'ಬಂತು,' ಎಂದ. 'ಲಮಾರಾ, ಬಂತು ನೋಡು.'
ಅದು ನಾಲ್ಕನೆಯ ಪೊಟ್ಟಣ.
ಇವತ್ತಿಗೆ ಇನ್ನೂ ಮೂರು ಇವೆ.